ಚಕ್ಕುಬಂದಿ

ಕುಂಸಿ ದಾಟಿ ಎಡಕ್ಕೆ ಹೊರಳಿದರೆ ಸಿಗುವ ಈ ಬಯಲಿಗೆ
ದಾಖಲೆಯಲ್ಲಿ ಹೆಸರು, ಸರ್ಕಾರಿ ಖರಾಬು.
ಊರ ಬಾಯಲ್ಲಿ, ಇಮಾನದ ಬಯಲು.
ನಾನು ಸರ್ವೆಯವನು. ಹೆಸರು ಕಟ್ಟಿಕೊಂಡು ನನಗೇನು,
ಮೂಲೆಗಲ್ಲು ಸಿಕ್ಕರೆ ಸಾಕು.

ಬೆಳಿಗ್ಗೆ ಏಳಕ್ಕೇ ಯಂತ್ರ ನಿಲ್ಲಿಸಿದೆ ಮೂರು ಕಾಲಿನ ಮೇಲೆ.
ಅದು ನೆಲ ಅಳೆಯುವುದಕ್ಕೂ ಮುಗಿಲು ನೋಡುತ್ತದೆ,
ಉಪಗ್ರಹ ಹನ್ನೊಂದು ಸಿಕ್ಕವು ಎನ್ನುತ್ತದೆ, ಹದಿನಾಲ್ಕು ಸಿಕ್ಕವು.
ಮೇಲೆ ಏನಿದ್ದರೂ ಈಗ ಲೆಕ್ಕಕ್ಕೆ ಸಿಗುತ್ತದೆ.

ಕಾಲಡಿಯಲ್ಲಿ ಜಲ್ಲಿ.
ಲಂಟಾನ ಸೀಳಿಕೊಂಡು ನೆಟ್ಟಗೆ ಓಡುವ ಜಲ್ಲಿ;
ಈ ಸೀಮೆಯಲ್ಲಿ ಯಾವ ದಾರಿಯೂ ಇಷ್ಟು ನೆಟ್ಟಗೆ ಹೋಗುವುದಿಲ್ಲ.
ಇದನ್ನೆಲ್ಲ ನಮ್ಮಜ್ಜಿ ಓಬಕ್ಕ ಒಡೆದಳೆಂದರೆ ಸುಳ್ಳಾದೀತು.
ಇಡೀ ಭೋವಿ ಹಟ್ಟಿಯೇ ಒಡೆಯಿತು, ಡಬ್ಬಕ್ಕೆ ಒಂದೂವರೆ ಆಣೆ.
ಅವಳ ಬಲಗಣ್ಣು ಹೋದದ್ದು ಇಲ್ಲೇ, ಚಕ್ಕೆ ಸಿಡಿದು.
ಅದರ ಬಾಬ್ತು ಆರು ರೂಪಾಯಿ ಕೊಟ್ಟರಂತೆ,
ಹೆಬ್ಬೆಟ್ಟು ಒತ್ತಿಸಿಕೊಂಡು.

ಉಳಿದ ಕಣ್ಣಲ್ಲಿ ಅವಳು ಕಂಡದ್ದು:
ವಾರಕ್ಕೆರಡು ಸಲ ಇಳಿಯುವ ವಿಮಾನ,
ಪೆಟ್ರೋಲು ಕುಡಿದು ಮೂಡಲಿಗೆ ಹೋಗುವುದು.
ಮೂವರು ಎಳೆಯರು ನೆರಳಿಗೆ ಬಂದು ನೀರು ಕೇಳುವರು.
ಒಬ್ಬ ಎತ್ತಿ ಸುರಿದುಕೊಂಡು ಅಂಗಿಯೆಲ್ಲ ತೋಯಿಸಿಕೊಳ್ಳುವನು.
ಒಬ್ಬ ಚೊಂಬಿನೊಳಗೆ ಇಣುಕಿ ಇಣುಕಿ ಕುಡಿಯುವನು, ಮೀನಿದ್ದೀತೆಂಬಂತೆ.
ಇನ್ನೊಬ್ಬ ಕುಡಿದು ಥ್ಯಾಂಕ್ಸ್ ಎಂದ;
ಟ್ಯಾಂಕೆಂದು ಕೇಳಿಸಿ ಅವಳು ಕೆರೆ ಏರಿಯತ್ತ ಕೈ ತೋರಿದಳು.
ಅವನು ಹೋಗಿ ಕೆರೆ ನೋಡಿಯೇ ಬಂದನಂತೆ.
ಇದನ್ನು ಹೇಳುವಾಗ ಪ್ರತಿಸಲ ನಗುವಳು ಓಬಕ್ಕ,
ನಕ್ಕು ಮುಗಿಯುವ ಮೊದಲೇ ಸೆರಗು ಕಚ್ಚುವಳು.

ಚೌಡ ಅವಳ ತಮ್ಮ. ಹನ್ನೆರಡು ವರ್ಷ.
ಖಾಲಿ ಪೆಟ್ರೋಲು ಡಬ್ಬ ಹೊರುವ ಕೆಲಸ.
"ಒಂದು ಸುತ್ತು ಕರ್ಕೊಂಡೋಗ್ತಾರಂತೆ ಅಕ್ಕಾ,
ಮೇಲಿಂದ ಕೈ ಮಾಡ್ತೀನಿ, ನೀ ಹೊರಗಿರು."

ಅವಳು ಹೊರಗಿದ್ದಳು.
ಆಶ್ಲೇಷಾ ಮಳೆ ತುಸು ಬಿಡುವು ಕೊಟ್ಟ ಮಧ್ಯಾಹ್ನ,
ಗುಡ್ಡ ಮೋಡದ ಕಂಬಳಿಕೊಪ್ಪೆ ಹಾಕಿಕೊಂಡು ಕೂತಿತ್ತು.
ಸದ್ದು ಹೋಯಿತು, ಹೋಯಿತು, ತಿರುಗಿತು.
ಆಮೇಲೆ ಗುಡ್ಡ ಒಂದು ಸಲ ಕೆಮ್ಮಿತು.

ಕಚೇರಿಯ ಹಳೆ ಕಡತದಲ್ಲಿ ಹೆಸರಿವೆ, ನಾನೇ ನೋಡಿದ್ದೇನೆ,
ಟೈಪಿನ ಅಕ್ಷರ, ಸೊನ್ನೆಗಳೆಲ್ಲ ಮಸಿ ತುಂಬಿ ಕುರುಡಾಗಿವೆ:
ಹಾಲಿಸ್. ಪ್ರೆಂಟಿಸ್. ಮೆಕ್‌ರೇ.
ಒಟ್ಟು ಆಸಾಮಿಗಳು ಮೂರು.
ಎತ್ತಿನಗಾಡಿ ಬಾಡಿಗೆ ನಾಲ್ಕು ರೂಪಾಯಿ.
ಅಂಗಿ ತೋಯಿಸಿಕೊಂಡವನು ಯಾರು, ಕೆರೆ ನೋಡಿದವನು ಯಾರು,
ಕಡತ ಹೇಳುವುದಿಲ್ಲ.
ಅವರ ಊರುಗಳಲ್ಲೂ ಒಬ್ಬೊಬ್ಬ ಅಕ್ಕ
ಹೊರಗೆ ನಿಂತಿದ್ದಿರಬೇಕು.

ಜಲ್ಲಿ ಮುಗಿಯುವವರೆಗೂ ನಡೆದೆ.
ಕಾರೆಮುಳ್ಳಿನ ಮರೆಯಲ್ಲಿ ನೆಟ್ಟ ಕಲ್ಲು, ಸುಣ್ಣದ ಗುರುತು.
ಎಣಿಸಿದೆ. ಮತ್ತೆ ಎಣಿಸಿದೆ. ನಾಲ್ಕು.
ಮೂರು ಎದೆಯೆತ್ತರ, ಒಂದು ಮೊಣಕಾಲುದ್ದ.
ಉಳಿಯ ಏಟು ಎಡಕ್ಕೆ ವಾಲಿದೆ,
ಓಬಕ್ಕ ಎಡಚಿ.
ಯಾರೋ ಈಚೆಗೂ ಮುಂದೆ ಚೊಂಬಿಟ್ಟಿದ್ದಾರೆ, ಸ್ಟೀಲಿನದು,
ನೀರಲ್ಲಿ ಇರುವೆ.

ಇಲ್ಲಿ ನಿವೇಶನ ಆಗಬೇಕು, ನನ್ನ ಕಳಿಸಿದ್ದೇ ಅದಕ್ಕೆ.
ಚಕ್ಕುಬಂದಿ ಬರೆದೆ:
ಪೂರ್ವಕ್ಕೆ ರೈಲು ಹಾದಿ, ಪಶ್ಚಿಮಕ್ಕೆ ಕಾಡಿನ ಸರಹದ್ದು,
ಉತ್ತರಕ್ಕೆ ಕೆರೆ ಏರಿ, ದಕ್ಷಿಣಕ್ಕೆ ಗುಡ್ಡ.
ಮೇಲಕ್ಕೆ ಏನೆಂದು ನಮೂನೆಯಲ್ಲಿ ಕೇಳಿಲ್ಲ.

ಶರಾ ಎಂಬ ಅಂಕಣವಿದೆ. ಅಲ್ಲಿ ಬರೆದೆ,
ಅಡಿಯ ಪ್ರತಿಗೂ ಮೂಡುವಂತೆ ಪೆನ್ನು ಒತ್ತಿ:
ಸ್ಥಳದಲ್ಲಿ ಕಲ್ಲು ನಾಲ್ಕು. ಆಸಾಮಿಗಳು ನಾಲ್ವರು.
ಹಾಲಿಸ್, ಪ್ರೆಂಟಿಸ್, ಮೆಕ್‌ರೇ,
ಚೌಡ ಬಿನ್ ಪೆದ್ದಯ್ಯ.
ಅನುಭೋಗ ಮುಂದುವರಿದಿದೆ.

ಆಧಾರವೇನೆಂದು ಕೆಂಪು ಶಾಯಿಯಲ್ಲಿ ಕೇಳಿಯಾರು.
ಕೇಳಲಿ.
ಚೊಂಬಿನ ನೀರು ಚೆಲ್ಲಿ ನನ್ನ ಬಾಟಲಿಯದು ತುಂಬಿದೆ.
ಯಂತ್ರ ಮಡಚಲು ಹೋದರೆ ಅದಿನ್ನೂ ಮುಗಿಲು ನೋಡುತ್ತಿತ್ತು:
ಒಂದು ಕೈತಪ್ಪಿದೆ,
ಹುಡುಕಾಟ ನಡೆದಿದೆ.