ದುರ್ಬಲ ಅಯಸ್ಕಾಂತ

ಫ್ಯಾನು ಹಾಕಬೇಡಿ ಅನ್ನುತ್ತಾನೆ ಧರಣೇಂದ್ರ,
ಗಾಳಿಗೆ ಇದರ ಮೈ ಕೆಡುತ್ತದೆ.
ಟ್ರಂಕಿನಷ್ಟು ಯಂತ್ರ, ಮೇಜಿನ ಮೇಲೆ,
ಒಳಗೆ ಅಯಸ್ಕಾಂತದ ಗಟ್ಟಿಗಳು ಎದುರುಬದುರು.
ದ್ರವ ಹೀಲಿಯಂ ಕೇಳುವುದಿಲ್ಲ, ಬೇರೆ ಕೋಣೆ ಕೇಳುವುದಿಲ್ಲ,
ಚೆಸ್ಕಾಂನವರು ಕರೆಂಟು ತೆಗೆಯದಿದ್ದರೆ ಸಾಕು.
ಹಾಸನದ ಈ ಕಾಲೇಜಿಗೆ ದಕ್ಕಿದ್ದು ಇಷ್ಟು.
ನನಗೂ ಅಷ್ಟೇ: ಅತಿಥಿ ಉಪನ್ಯಾಸಕಿ,
ಏಳನೇ ವರ್ಷದ ಅತಿಥಿ.

ಪೆನ್ಸಿಲಿಗಿಂತ ತೆಳುವಾದ ಗಾಜಿನ ಕೊಳವೆ,
ಅದರಲ್ಲಿ ಡೈಮೀಥೈಲ್ ಅಸಿಟಮೈಡ್, ನೋಡಲು ನೀರು.
ಪ್ರತಿ ಅಣುವಿನಲ್ಲೂ ಒಂದು ಸಾರಜನಕ,
ಅದರ ಎರಡು ತೋಳಿಗೆ ಎರಡು ಮೀಥೈಲು:
ಒಂದು ಆಮ್ಲಜನಕಕ್ಕೆ ಮುಖ ಕೊಟ್ಟು, ಇನ್ನೊಂದು ಬೆನ್ನು ಕೊಟ್ಟು.
ರೇಡಿಯೋ ಅಲೆಯಿಂದ ಒಮ್ಮೆ ತಟ್ಟಿ ಸುಮ್ಮನಾದರೆ
ತಾವೆಲ್ಲಿದ್ದೇವೆಂದು ಅವೇ ಹೇಳುತ್ತವೆ.
ಪರದೆಯ ಮೇಲೆ ಎರಡು ಶಿಖರ,
ಒತ್ತೊತ್ತಾಗಿ; ಆದರೂ ನಡುವೆ ಕಣಿವೆ.

ಬಿಸಿ ಏರಿಸುತ್ತೇನೆ. ನಲವತ್ತು. ಐವತ್ತು.
ಬಿಗಿಯಾಗಿದ್ದ ಕಟ್ಟು ತಿರುಗತೊಡಗುತ್ತದೆ,
ಅದು ಇದಾಗಿ, ಇದು ಅದಾಗಿ.
ಅರವತ್ತರ ಹತ್ತಿರ ಕಣಿವೆ ತುಂಬಿ
ಒಂದೇ ಗುಡ್ಡ, ಅಗಲ, ಬೋಳುನೆತ್ತಿ.

ಮೇಡಂ, ಇನ್ನೊಂದು ಎಲ್ಲಿ ಹೋಯ್ತು?
ಕೇಳಿದವಳು ತಸ್ಮಿಯಾ, ಮೂರನೇ ವರ್ಷ, ಕೊನೇ ಬೆಂಚು.

ಕಾಲುವೆ ಕೆಲಸದ ಅಪ್ಪ ನಮಗೆ ನದಿಗಳ ಹೆಸರಿಟ್ಟ.
ನಾನು ಹೇಮಾವತಿ. ಹನ್ನೊಂದು ನಿಮಿಷ ಚಿಕ್ಕವಳು ವೇದಾವತಿ.
ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ.
ಉಣ್ಣಲು ಕೂತರೆ ನಾವು ಜಾಗ ಬದಲಿಸುತ್ತಿದ್ದೆವು,
ಅವಳು ಯಾವಳೇ ನೀನು ಅನ್ನುವುದರೊಳಗೆ ಮತ್ತೊಮ್ಮೆ.
ಒಂದು ರಾತ್ರಿ ನನಗೆ ಎರಡು ಮುದ್ದೆ,
ವೇದಾಳ ತಟ್ಟೆಯಲ್ಲಿ ಬರೀ ಸಾರು.
ಆಮೇಲೆ ಅಜ್ಜಿ ಇಬ್ಬರಿಗೂ ಒಂದೇ ಹೆಸರಿಟ್ಟಳು, ಹೇಮವೇದಿ.
ಕರೆದರೆ ಹತ್ತಿರವಿದ್ದವಳು ಹೋಗುವುದು.
ಅಮ್ಮ ಮಾತ್ರ ಕತ್ತಲಲ್ಲೂ
ಕಾಲ ಸಪ್ಪಳಕ್ಕೇ ಬೇರೆ ಮಾಡುತ್ತಿದ್ದಳು.

ಮೈಸೂರಿನಲ್ಲಿ ದೊಡ್ಡ ಯಂತ್ರವಿದೆ, ಆಳೆತ್ತರ ಮೀರಿದ್ದು.
ಇದೇ ದ್ರವ, ಇದೇ ಅರವತ್ತು ಡಿಗ್ರಿ,
ಅಲ್ಲಿ ಇನ್ನೂ ಎರಡು ಶಿಖರ.
ಅದು ಅಮ್ಮನ ಕಿವಿ. ಇದು ಅಜ್ಜಿಯ ಕಣ್ಣು.
ಹಾಗಾದರೆ ಯಾವುದು ನಿಜ ಅಂದಳು ತಸ್ಮಿಯಾ.
ಗೊತ್ತಿಲ್ಲ ಅನ್ನಬಹುದಿತ್ತು. ಬೋರ್ಡಿನ ಮೇಲೆ ಬರೆದೆ:
ಸೆಕೆಂಡಿಗೆ ಸುಮಾರು ಇಪ್ಪತ್ತೆರಡು ಸಲ.
ಎಷ್ಟು ಬಿಸಿಗೆ ಕಲೆತವು, ಹೇಗೆ ಮಸುಕಾದವು
ಅನ್ನುವುದರಿಂದಲೇ ಈ ಲೆಕ್ಕ ಸಿಗುವುದು.
ಮುದ್ದೆ ಎರಡು ಒಂದೇ ತಟ್ಟೆಗೆ ಬಿದ್ದಾಗಲೇ ಅಲ್ಲವೇ
ಅಜ್ಜಿಗೆ ಗೊತ್ತಾದದ್ದು, ಇವು ಆಟವಾಡುತ್ತಿವೆ ಎಂದು.
ಇದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ.

ವೇದಾ ಈಗ ಕಡೂರಿನಲ್ಲಿ ನರ್ಸು, ಹೆಚ್ಚಾಗಿ ರಾತ್ರಿ ಪಾಳಿ.
ನಕ್ಷೆಯಲ್ಲಿ ನಮ್ಮ ನದಿಗಳು ಎಲ್ಲೂ ಕೂಡುವುದಿಲ್ಲ,
ಒಂದು ಕಾವೇರಿಗೆ, ಒಂದು ತುಂಗಭದ್ರೆಗೆ.
ನನಗೆ ಕನ್ನಡಕ ಬಂದಿದೆ, ಅವಳಿಗೆ ಕಣ್ಣ ಕೆಳಗೆ ಕಪ್ಪು.
ಫೋನಿನಲ್ಲಿ ಯಾರು ಮೊದಲು ನಕ್ಕರು ಎಂದು ಈಗ ಗೊತ್ತಾಗುತ್ತದೆ.

ಹೋದ ಗುರುವಾರ ಹೇಳದೆ ಬಂದಿದ್ದಳು.
ಆಫೀಸಿನಲ್ಲಿ ಸಹಿ ಹಾಕಿ ನಾನು ಬರುವಷ್ಟರಲ್ಲಿ
ಧರಣೇಂದ್ರ ಅವಳ ಕೈಗೆ ಬೀಗದಕೈ ಗೊಂಚಲು ಕೊಟ್ಟು,
ಇನ್ನೂ ಆರಿಲ್ಲ ಮೇಡಂ, ಕೊಳವೆ ಮುಟ್ಟಬೇಡಿ, ಅನ್ನುತ್ತಿದ್ದ.
ಅವಳು ತಿದ್ದಲಿಲ್ಲ.
ಹೂಂ ಅಂದಳು, ಒಳಗೆ ಹೋದಳು,
ನನ್ನ ಸ್ಟೂಲಿನ ಮೇಲೆ ಕೂತು
ಪರದೆಯಲ್ಲಿದ್ದ ಗುಡ್ಡವನ್ನು ನೋಡತೊಡಗಿದಳು.

ನಾನು ಕಾರಿಡಾರಿನಲ್ಲೇ ನಿಂತೆ ಸ್ವಲ್ಪ ಹೊತ್ತು,
ಕನ್ನಡಕ ತೆಗೆದು.