ನಿಧಾನದ ಬಾಗಿಲು

ಬೆರ್ಗೆನ್ ಆಸ್ಪತ್ರೆಯ ನೆಲಮಾಳಿಗೆ, ರಾತ್ರಿ ಹನ್ನೊಂದು.
ತಾಮ್ರದ ಬಲೆಯ ಪಂಜರದೊಳಗೆ ಸೂಕ್ಷ್ಮದರ್ಶಕ,
ಅದರ ಕೆಳಗೆ ಗಾಳಿಯ ಮೇಲೆ ತೇಲುವ ಮೇಜು.
ಬೀದಿಯಲ್ಲಿ ಟ್ರಾಮ್ ಹೋದದ್ದು
ಇದಕ್ಕೆ ತಿಳಿಯಕೂಡದು.

ಕೂದಲೆಳೆಗಿಂತ ಸಣ್ಣ ಗಾಜಿನ ಮೂತಿಯನ್ನು
ಒಂದು ಜೀವಕೋಶದ ಮೈಗೆ ತಾಗಿಸಿ
ಕೊಳವೆಯ ಈ ತುದಿಯನ್ನು ತುಟಿಯಲ್ಲಿ ಕಚ್ಚಿ
ಮೆಲ್ಲಗೆ ಉಸಿರೆಳೆಯುತ್ತೇನೆ.
ಅಂಟಿಕೊಂಡಿತು.
ಇಪ್ಪತ್ತು ವರ್ಷದ ಕಸುಬು. ಆದರೂ ಪ್ರತಿ ಸಲ
ಯಾರೋ ನೋಡಿಬಿಟ್ಟರೇನೋ ಎಂಬ ನಾಚಿಕೆ.

ತೆರೆಯ ಮೇಲೆ ಮೈನಸ್ ಎಂಬತ್ತು ಮಿಲಿವೋಲ್ಟ್:
ಎರಡು ಬಡಿತಗಳ ನಡುವೆ ಎದೆ ಸುಮ್ಮನಿರುವ ಅಳತೆ.

ಸೋಡಿಯಂ ದುಡುಕಿನದು, ಚಿಲಕ ತೆಗೆದರೆ ಸಾಕು ನುಗ್ಗುತ್ತದೆ.
ಕ್ಯಾಲ್ಸಿಯಂ ಬಂದ ನೆಂಟ, ಕೂತರೆ ಏಳುವುದಿಲ್ಲ.
ಪೊಟ್ಯಾಸಿಯಂ ಮಾತ್ರ ಮನೆಯದೇ.
ಒಳಗಿದ್ದದ್ದು ಎದ್ದು ಹೊರಗೆ ನಡೆಯುತ್ತದೆ,
ಹೋಗುತ್ತ ಹೋಗುತ್ತ ಗದ್ದಲವನ್ನೂ ಕರೆದೊಯ್ಯುತ್ತದೆ.
ಆಮೇಲೆ ಸ್ನಾಯು ಸಡಿಲ,
ಆಮೇಲೆ ಇನ್ನೊಂದು ಬಡಿತಕ್ಕೆ ಜಾಗ.

ಅದು ಹೊರಡುವ ಬಾಗಿಲುಗಳಲ್ಲಿ ಒಂದು ಜಾತಿ ಬಲು ನಿಧಾನ.
ಕುರ್ಚಿಯಲ್ಲಿ ಕೂತ ಎದೆಗೆ ಅದರ ಹಂಗೇನಿಲ್ಲ.
ಓಡುವಾಗ ಬೇಕು, ಬೆಚ್ಚಿದಾಗ ಬೇಕು,
ತಣ್ಣೀರಿಗೆ ಹಾರಿದಾಗ ಬೇಕು.

ಇದೇ ಬಾಗಿಲು ಕಿವಿಯೊಳಗೂ ಇದೆ.
ಅಲ್ಲಿ ಬಸವನಹುಳುವಿನ ಚಿಪ್ಪಿನಂಥ ಕೋಣೆಗೆ
ಪೊಟ್ಯಾಸಿಯಂ ನೀರು ತುಂಬುವ ಕೆಲಸ ಇದರದು.
ನೀರಿಲ್ಲದಿದ್ದರೆ ಶಬ್ದ ಹೊಸಿಲವರೆಗೆ ಬಂದು
ತಿರುಗಿ ಹೋಗುತ್ತದೆ.
ಎರಡು ಮನೆ, ಒಬ್ಬನೇ ಬಡಗಿ.

ನನ್ನ ತಂಗಿ ಇಂಗುನ್ ಹುಟ್ಟು ಕಿವುಡಿ.
ಬೈಗುಳವೆಲ್ಲ ಕೈಯಲ್ಲೇ; ಅಮ್ಮನಿಗೆ ಅರ್ಧ ತಿಳಿಯುತ್ತಿರಲಿಲ್ಲ,
ಸದ್ಯ.
ನನಗೆ ಸದಾ ನೆಗಡಿ, ಅದಕ್ಕೇ
ಎರಡು ಬೆರಳಲ್ಲಿ ಮೂಗು ಹಿಂಡಿದರೆ ಅದು ನನ್ನ ಹೆಸರು.
ಆಡುತ್ತ ಆಡುತ್ತ ದೊಪ್ಪನೆ ಬೀಳುತ್ತಿದ್ದಳು.
ಎದ್ದು, ಮಂಡಿಯ ಹಿಮ ಕೊಡವಿ, ನಮ್ಮನ್ನೇ ಗದರುತ್ತಿದ್ದಳು.
ಡಾಕ್ಟರು ಮೂರ್ಛೆರೋಗವೆಂದು ಬರೆದು ಬಿಳಿ ಗುಳಿಗೆ ಕೊಟ್ಟರು.
ಕಿವಿ ನೋಡಿದವರು ಎದೆ ನೋಡಲಿಲ್ಲ.
ಎದೆಗೆ ಕಿವಿಗೊಟ್ಟವರಿಗೆ
ಎಲ್ಲ ಸರಿಯಾಗಿಯೇ ಕೇಳಿಸಿತು.

ಜೂನ್ ಇಪ್ಪತ್ಮೂರು, ಕತ್ತಲೆಯೇ ಆಗದ ರಾತ್ರಿ.
ದಡದಲ್ಲಿ ಬೆಂಕಿ, ಕಡ್ಡಿಗೆ ಚುಚ್ಚಿದ ಸಾಸೇಜು.
ನೀರಿನತ್ತ ಚಾಚಿದ ಹಲಗೆಯ ತುದಿಗೆ ನಿಂತು
ತಿರುಗಿ ನೋಡಿ
ಮೂಗು ಹಿಂಡಿದಳು.

ನನ್ನನ್ನು ಕರೆದಳೋ,
ಧುಮುಕಲು ಎಲ್ಲರೂ ಮಾಡುವಂತೆ ಮಾಡಿದಳೋ.

ಈ ಕೋಶದೊಳಗೆ ನಾನು ಬರೆಸಿಟ್ಟಿರುವುದು
ನಮ್ಮ ಮನೆತನದ ಕಾಗುಣಿತದ ತಪ್ಪು.
ಅಪ್ಪನಲ್ಲೊಂದು, ಅಮ್ಮನಲ್ಲೊಂದು; ಅವಳಿಗೆ ಎರಡೂ ಬಂದವು.
ನನಗೆ ಒಂದೇ: ಬೆಳಗ್ಗೆ ಒಂದು ಮಾತ್ರೆ, ಈಜು ಬೇಡ,
ಕಿವಿ ಚೆನ್ನಾಗಿದೆ.

ಪ್ಲಸ್ ನಲವತ್ತಕ್ಕೆ ಏರಿಸಿ ಮೂರು ಸೆಕೆಂಡು ಕಾಯುತ್ತೇನೆ.
ಸರಿಯಿದ್ದ ಕೋಶದಲ್ಲಿ ಗೆರೆ ಗುಡ್ಡ ಹತ್ತುವವನಂತೆ
ನಿಂತು ನಿಂತು ಮೇಲೇರುತ್ತದೆ.
ಇಲ್ಲಿ ಇಲ್ಲ.
ಬೆಂಕಿ ಆರಿದ ಮೇಲಿನ ಕೊಳದ ಹಾಗೆ ಮಟ್ಟಸ.
ಯಾರೂ ಹೊರಡಲಿಲ್ಲ.

"ಒಳ್ಳೆ ಕೋಶ," ಎನ್ನುತ್ತಾನೆ ಪಕ್ಕದ ತೂರ್‌ಬ್ಯೋರ್ನ್,
"ಒಂಚೂರೂ ಸೋರಿಕೆಯಿಲ್ಲ."
ಪುಸ್ತಕದಲ್ಲಿ ಬರೆಯುತ್ತೇನೆ: ಕೋಶ ಹದಿನಾಲ್ಕು, ಪ್ರವಾಹ ಸೊನ್ನೆ.
ಬರೆಯದ ಕೈ ಯಾವಾಗಲೋ
ಮೂಗಿನ ಮೇಲೆ ಹೋಗಿ ಕೂತಿದೆ.

"ನೆಗಡಿಯಾ?" ಎನ್ನುತ್ತಾನೆ.
ಹೂಂ, ಎನ್ನುತ್ತೇನೆ.