ವಾಲ್ಸಾಲಿನಲ್ಲಿ ಬೆಳಗಿನ ಆಟ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಥಿಯೇಟರಿನ ಬಾಡಿಗೆ ಅಗ್ಗ.
ಬಾಗಿಲಲ್ಲಿ ಕೂತು ಹೆಸರಿಗೆ ಟಿಕ್ ಹಾಕುತ್ತೇನೆ,
ಮುಂಗೈಗೆ ನೇರಳೆ ಮುದ್ರೆ ಒತ್ತುತ್ತೇನೆ.
ಡಡ್ಲಿಯಿಂದ ಬಂದಿದ್ದಾರೆ, ಕಾವೆಂಟ್ರಿಯಿಂದಲೂ,
ಡಬ್ಬಿಯಲ್ಲಿ ಚಕ್ಕುಲಿ, ಕೋಟಿನ ಜೇಬಿನಲ್ಲಿ
ಹರಿದ ಕಾಗದದ ಚೂರು: ಹೀರೋ ಬಂದಾಗ ಎರಚಲು.

ಹೀರೋ ಇನ್ಸ್‌ಪೆಕ್ಟರು.
ಜೀಪಿನಿಂದ ಮೊದಲು ಬೂಟು ಇಳಿಯುತ್ತದೆ,
ಉಳಿದವನು ಆಮೇಲೆ, ನಿಧಾನಕ್ಕೆ.
ಠಾಣೆಯೊಳಗೆ ಕುರ್ಚಿಗೆ ಕಟ್ಟಿದ ಹುಡುಗ.
ಅವನೇ ಮಾಡಿದ್ದೆಂದು ಕತೆ ಮೊದಲೇ ತೋರಿಸಿಬಿಟ್ಟಿದೆ,
ಹಾಗಾಗಿ ನಮಗೆ ಅನುಮಾನವಿಲ್ಲ.
ಅನುಮಾನಕ್ಕೆ ನಾನು ಟಿಕೆಟ್ ಕೊಟ್ಟಿಲ್ಲ.
ಲಾಠಿ ಏಳುತ್ತದೆ. ಹಿಂದಿನ ಸಾಲು ಎಣಿಸುತ್ತದೆ,
ಒಂದೂ, ಎರಡೂ,
ಮಕ್ಕಳಿಗೂ ಕನ್ನಡದ ಅಂಕಿ ಬಂತಲ್ಲ ಎಂದು
ಯಾರದೋ ತಾಯಿಗೆ ಖುಷಿ.

ಅಪ್ಪ ರಾಣೇಬೆನ್ನೂರಿನಲ್ಲಿ ಹವಾಲ್ದಾರ.
ಟಾಕೀಜಿನಲ್ಲಿ ನಮಗೆ ಟಿಕೆಟ್ ಇರಲಿಲ್ಲ,
ಮ್ಯಾನೇಜರನೇ ಎದ್ದು ಕುರ್ಚಿ ಹಾಕಿಸುತ್ತಿದ್ದ.
ತೆರೆಯ ಮೇಲೆ ಪೊಲೀಸಪ್ಪ ಯಾರನ್ನೋ ಚಚ್ಚುವಾಗ
ಊರೆಲ್ಲ ಸೀಟಿ ಹೊಡೆದರೆ ಅಪ್ಪ ಮಾತ್ರ
ಬೇರೆಯವರ ಮದುವೆಯ ಸಾರು ರುಚಿ ನೋಡಿದ ಅಡುಗೆಭಟ್ಟನಂತೆ
ತಲೆ ಅಲ್ಲಾಡಿಸುತ್ತಿದ್ದ:
‘ಇವರಿಗೆ ಹೊಡಿಯಾಕ ಬರೂದಿಲ್ಲ.
ಹಿಂಗ ಹೊಡದರ ಬಾಸುಂಡಿ ಏಳತಾವು.
ಅಂಗಾಲಿಗೆ ಹೊಡೀಬೇಕು. ಆಮ್ಯಾಲ ನಡಸಬೇಕು.’
ಕಡಲೆಮಿಠಾಯಿ ಚೀಪುತ್ತ ನಾನು ಕಲಿತುಕೊಂಡೆ,
ಹದಿಮೂರರ ಮಗ್ಗಿ ಕಲಿತ ಹಾಗೆ.
ನನ್ನ ಫೀಸು, ರಿಬ್ಬನ್ನು, ನರ್ಸಿಂಗು,
ಈ ದೇಶಕ್ಕೆ ಬಂದ ವಿಮಾನದ ಟಿಕೆಟ್ಟು,
ಎಲ್ಲ ಆ ಕೈಯ ಸಂಬಳದ್ದೇ.
ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದುದೂ
ಅದೇ ಕೈ. ಏನು ಮಾಡಲಿ.

ಆಟ ಮುಗಿದ ಮೇಲೆ ಎವರ್ಟನ್ ಗುಡಿಸುತ್ತಿದ್ದ.
ಥಿಯೇಟರಿನ ಕಾವಲುಗಾರ, ಅರವತ್ತೆರಡು ವಯಸ್ಸು,
ಆಟದುದ್ದಕ್ಕೂ ಗೋಡೆಗೊರಗಿ ನಿಂತಿದ್ದ,
ಆರಿಸಿದ ಟಾರ್ಚು ಎರಡೂ ಕೈಯಲ್ಲಿ.
‘ಆ ಹುಡುಗ ಏನೋ ಕೇಳುತ್ತಿದ್ದನಲ್ಲ, ಏನದು?’
ನೀರು ಕೇಳುತ್ತಿದ್ದ, ಅಂದೆ.
ಪೊರಕೆ ನಿಂತಿತು.
‘ನನ್ನ ತಮ್ಮನದೂ ಒಂದು ಸಿನಿಮಾ ಇದೆ.
ಕಾರ್ಲ್‌ಟನ್. ಹನ್ನೊಂದು ನಿಮಿಷದ್ದು.
ಲಾಕಪ್ಪಿನ ಮೂಲೆಯ ಕ್ಯಾಮೆರಾ, ಒಂದೇ ಷಾಟು,
ನಾಲ್ಕು ಜನ ಒಬ್ಬನ ಬೆನ್ನ ಮೇಲೆ.
ವಿಚಾರಣೆಯ ದಿನ ಕಿಟಕಿಗೆ ಪರದೆ ಎಳೆದು ತೋರಿಸಿದರು.
ಶಬ್ದ ಇರಲಿಲ್ಲ.
ಅಮ್ಮ ಮುಂದಿನ ಸಾಲಿನಲ್ಲಿ ಕೂತು
ಅವನ ತುಟಿ ಓದಲು ನೋಡಿದಳು.
ಮುಖ ನೆಲಕ್ಕೆ ಒತ್ತಿತ್ತು.’
ಯಾರೂ ಸೀಟಿ ಹೊಡೆಯಲಿಲ್ಲ.
(ಇದು ಅವನು ಹೇಳಿದ್ದಲ್ಲ, ನಾನು ಸೇರಿಸಿದ್ದು.)
ಆಮೇಲೆ? ಎಂದೆ, ಮಕ್ಕಳು ಕತೆಗೆ ಕೇಳುವ ಹಾಗೆ.
‘ಆಮೇಲೆ ಕಾಗದ ಬಂತು.
ಇಲಾಖೆ ಪಾಠ ಕಲಿತಿದೆ ಅಂತ ಇತ್ತು.’

ಅಪ್ಪನ ವಿಷಯ ಬಾಯಿಗೆ ಬಂತು. ನುಂಗಿದೆ.
ಬಗ್ಗಿ ಸೀಟಿನಡಿಯ ಚೂರುಗಳನ್ನು ಆರಿಸತೊಡಗಿದೆ,
ಅವನ ಕೆಲಸ ಅದು, ಬಿಡು ಎಂದ, ಬಿಡಲಿಲ್ಲ.
ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಕಮಿಟಿಯ ಮೆಸೇಜು:
ಹೌಸ್‌ಫುಲ್! ಸಂಜೆಗೂ ಒಂದು ಷೋ ಹಾಕೋಣ್ವಾ?

‘ಅದನ್ನು ನಿಮ್ಮಲ್ಲಿ ಏನನ್ನುತ್ತಾರೆ,’ ಎವರ್ಟನ್ ಕೇಳಿದ,
‘ಅವನು ಕೇಳಿದ್ದನ್ನು?’
ನೀರು.
‘ನೀರ್.’
ನೀ-ರು.
‘ನೀರೂ.’ ಮತ್ತೊಮ್ಮೆ, ಮೆಲ್ಲಗೆ, ಖಾಲಿ ಸಾಲುಗಳಿಗೆ.
ಇಷ್ಟು ವರ್ಷ ಕುಡಿದರೂ ನಾನು ಗಮನಿಸಿರಲಿಲ್ಲ,
ಆ ಪದಕ್ಕೆ ತುಟಿ ಕೂಡಬೇಕಿಲ್ಲ,
ಮುಖ ನೆಲಕ್ಕೆ ಒತ್ತಿದ್ದರೂ ಹೇಳಬಹುದು.